ಗಿಟಾರ್ ಹಿಡಿದ ಭಗಿನಿಯರು: ಮರೆತ ಭಕ್ತಿಗೀತೆಗಳ ಮರುಶೋಧ

1960 ಮತ್ತು 70ರ ದಶಕಗಳಲ್ಲಿ ಅಮೆರಿಕ, ಆಸ್ಟ್ರೇಲಿಯಾ ದೇಶಗಳಲ್ಲಿ ಗಿಟಾರ್ ಜೊತೆ ಮೃದುವಾದ ಸ್ತ್ರೀಕಂಠದಲ್ಲಿ ಹಾಡಿದ ಕ್ರೈಸ್ತ ಗೀತೆಗಳ ಧ್ವನಿಮುದ್ರಿಕೆಗಳು ಹೊರಬಂದವು. ಬಳಿಕ ಮರೆಯಾದ ಇವುಗಳಲ್ಲಿ ಕೆಲವನ್ನು ಹಳೆಯ ತಟ್ಟೆಗಳ ಸಂಗ್ರಾಹಕರು ಹುಡುಕಿ ತೆಗೆದಿದ್ದಾರೆ. ಇವು ಹುಟ್ಟಿದ್ದು ಹೇಗೆ, ಮರೆಯಾದದ್ದು ಏಕೆ ಎಂಬುದನ್ನು ನಮ್ಮ ಗಾಯನ ಮಂಡಳಿಗಳೂ ತಿಳಿಯುವುದು ಒಳ್ಳೆಯದು.

ಹುಟ್ಟಿದ್ದು ಹೇಗೆ?

ಎರಡನೇ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಹೊರಡಿಸಿದ ದೈವಾರಾಧನೆಯ ಸಂವಿಧಾನವು ಬಲಿಪೂಜೆಯಲ್ಲಿ ಜನರ ಭಾಷೆಗೆ ಬಾಗಿಲು ತೆರೆಯಿತು. ಅದರೊಂದಿಗೆ ಅನೇಕ ಧರ್ಮಕೇಂದ್ರಗಳಿಗೆ ಗಿಟಾರ್ ಬಂತು. 1966ರಲ್ಲಿ ಮೆಡಿಕಲ್ ಮಿಷನ್ ಸಿಸ್ಟರ್ಸ್ ಸಭೆಯ ಭಗಿನಿಯರು 'ಜಾಯ್ ಈಸ್ ಲೈಕ್ ದ ರೇನ್' ಎಂಬ ಧ್ವನಿಮುದ್ರಿಕೆ ತಂದರು. ಗೀತೆಗಳನ್ನು ರಚಿಸಿದವರು ಭಗಿನಿ ಮಿರಿಯಮ್ ತೆರೇಸ್ ವಿಂಟರ್. ಅವಿಭಜಿತ ಭಾರತದ ರಾವಲ್ಪಿಂಡಿಯಲ್ಲಿ ಸ್ತ್ರೀಯರಿಗೆ ಚಿಕಿತ್ಸೆ ನೀಡಿದ್ದ ಡಾ. ಆನಾ ಡೆಂಗೆಲ್ 1925ರಲ್ಲಿ ಸ್ಥಾಪಿಸಿದ ಸಭೆಯಿದು.

ಇನ್ನೊಂದು ಧಾರೆ ಕ್ಯಾಲಿಫೋರ್ನಿಯಾದ ಹಿಪ್ಪಿಗಳದು. ಯೇಸುವಿನತ್ತ ತಿರುಗಿದ ಈ ಯುವಜನರನ್ನು ಕೋಸ್ಟಾ ಮೆಸಾದ ಕ್ಯಾಲ್ವರಿ ಚಾಪೆಲ್ ಎಂಬ ಪ್ರಾಟೆಸ್ಟಂಟ್ ಸಭೆ ಸ್ವಾಗತಿಸಿತು. ಅಲ್ಲಿಯ 'ಚಿಲ್ಡ್ರನ್ ಆಫ್ ದ ಡೇ' ತಂಡದಲ್ಲಿ ಮಾರ್ಷಾ ಸ್ಟೀವನ್ಸ್ ಮತ್ತು ಅವರ ತಂಗಿ ಹಾಡುತ್ತಿದ್ದರು. ಅವರ ಮೊದಲ ಧ್ವನಿಮುದ್ರಿಕೆ 1971ರಲ್ಲಿ ಬಂತು. ಆಸ್ಟ್ರೇಲಿಯಾದಲ್ಲಿ 1973ರಲ್ಲಿ ಭಗಿನಿ ಐರೀನ್ ಓ'ಕಾನರ್ ಅವರ 'ಫೈರ್ ಆಫ್ ಗಾಡ್ಸ್ ಲವ್' ಹೊರಬಂತು. ಧ್ವನಿಮುದ್ರಣ ಮಾಡಿದವರೂ ಇನ್ನೊಬ್ಬ ಭಗಿನಿಯೇ.

ಮರೆಯಾದದ್ದು ಏಕೆ?

ಇಂತಹ ಹಲವು ತಟ್ಟೆಗಳು ಅಚ್ಚಾದದ್ದೇ ಕಡಿಮೆ. ದೇವಾಲಯದ ಬಾಗಿಲಲ್ಲಿ, ಪ್ರಾರ್ಥನಾ ಕೂಟಗಳಲ್ಲಿ ಮಾರಾಟವಾಗುತ್ತಿದ್ದ ಅವು ಸಂಗೀತದ ಅಂಗಡಿ ತಲುಪಲಿಲ್ಲ. ಗೀತೆಪುಸ್ತಕ ಬದಲಾದಾಗ ಹಾಡುಗಳೂ ಬಿಟ್ಟುಹೋದವು. ಇಂದಿನ ಕೇಳುಗರು, ನಂಬದವರೂ ಸಹ, ಇವುಗಳನ್ನು ಮೆಚ್ಚಲು ಕಾರಣ ಸರಳ: ಇಲ್ಲಿ ಆಡಂಬರವಿಲ್ಲ, ಪಕ್ಕದಲ್ಲೇ ಕುಳಿತು ಪ್ರಾರ್ಥಿಸುವವರ ದನಿಯಿದೆ.

ನಾವೇನು ಮಾಡಬಹುದು?

ನಮ್ಮ ಗಾಯನ ಮಂಡಳಿಗಳ ಹಳೆಯ ಕ್ಯಾಸೆಟ್‌ಗಳಿಗೂ ಇದೇ ಗತಿ ಬರಬಹುದು. ಕರಾವಳಿಯ ತೇವಕ್ಕೆ ಟೇಪಿಗೆ ಬೂಷ್ಟು ಹಿಡಿಯುತ್ತದೆ. ಅವುಗಳನ್ನು ಒಣ ಕಪಾಟಿನಲ್ಲಿಡೋಣ. ಬೂಷ್ಟು ಹಿಡಿದ ಟೇಪನ್ನು ಹಾಗೆಯೇ ಓಡಿಸದೆ ಅನುಭವಿಗಳಿಗೆ ಕೊಟ್ಟು ಕಂಪ್ಯೂಟರಿಗೆ ಪ್ರತಿ ಮಾಡಿಸೋಣ. ಹಾಡಿದವರು, ಬರೆದವರು, ರಾಗ ಹಾಕಿದವರು ಯಾರು, ಯಾವ ವರ್ಷ ಎಂಬುದನ್ನು ಹಿರಿಯರಿಂದ ಕೇಳಿ ಬರೆದಿಡೋಣ. ಪ್ರಕಟಿಸುವ ಮುನ್ನ ಹಕ್ಕುದಾರರ ಅನುಮತಿ ಪಡೆಯೋಣ. ಟೇಪನ್ನು ಮುಂದೆ ಯಾರಾದರೂ ಪತ್ತೆಹಚ್ಚಬಹುದು. ಆದರೆ ಹಾಡಿದವರ ಹೆಸರು ಹೇಳಬಲ್ಲ ಹಿರಿಯರು ಆಗ ಇರಲಾರರು.