ಹೊಳಲ್ಕೆರೆಯನ್ನು ಬಿಡಿಸುವುದೆಲ್ಲಿ?

ಕದಂಬ ಮಯೂರಶರ್ಮನ ಶಾಸನವನ್ನು ನೋಡಲು ಚಂದ್ರವಳ್ಳಿಗೆ ಹೊರಟವರು ಸುತ್ತಣ ಊರುಗಳ ಹೆಸರನ್ನೂ ಒಮ್ಮೆ ಬಾಯಿಬಿಟ್ಟು ಓದಬೇಕೆಂಬುದು ನನ್ನ ಬಿನ್ನಹ. ‘ಹೊಳಲ್’ ಎಂದರೆ ಪಟ್ಟಣ. ಅದಕ್ಕೆ ಕೆರೆ ಸೇರಿ ಹೊಳಲ್ಕೆರೆಯೆಂಬ ಸಮಾಸವಾಯಿತು. ಬರಹದಲ್ಲಿ ‘ಲ್ಕೆ’ ಒಂದೇ ಅಕ್ಷರ. ಅದನ್ನು ನಂಬಿ ನನ್ನ ವಿದ್ಯಾರ್ಥಿಗಳು ‘ಹೊಳ–ಲ್ಕೆರೆ’ ಎಂದು ಬಿಡಿಸುತ್ತಿದ್ದರು; ಪಟ್ಟಣವೂ ಹೋಯಿತು, ಕೆರೆಯೂ ಹೋಯಿತು! ನಾಲಗೆಯಾದರೋ ಹೊ–ಳಲ್–ಕೆ–ರೆ ಎಂದೇ ನುಡಿಯುತ್ತದೆ. ಒತ್ತಕ್ಷರದ ಹಿಂದಿನ ‘ಳ’ವನ್ನು ಗುರುವೆನ್ನುವ ನಮ್ಮ ಛಂದಸ್ಸು ಅನುಸರಿಸಿರುವುದು ಈ ನಾಲಗೆಯನ್ನು, ಬರಹವನ್ನಲ್ಲ.

ಹಿರಿಯೂರಿನ ಕಥೆ ಬೇರೆ. ಹಿರಿ, ಊರು ಇವುಗಳ ನಡುವೆ ಬಂದ ಯಕಾರ ಮುಂದಿನ ಸ್ವರವನ್ನು ಸೇರಿ ‘ಯೂ’ ಆಗುತ್ತದೆ, ಬೆಸುಗೆ ಕಾಣದು. ಹೊಸದುರ್ಗಕ್ಕೆ ಇಂಥ ತೊಡಕಿಲ್ಲ.

ಬಿಡಿಸುವ ಎಡೆ ತಪ್ಪಿದರೆ ಅರ್ಥವೇ ಪಲ್ಲಟವಾಗುವುದನ್ನು ಡಚ್ ಭಾಷೆಯಲ್ಲಿ ಕಾಣಬಹುದು. ಅಲ್ಲಿಯ ‘ಕ್ವಾರ್ಟ್ಸ್ಲಾಗೆನ್’ ಪದದ ಸಕಾರವನ್ನು ಮುಂದಕ್ಕೆ ಕೂಡಿಸಿದರೆ ಕಾಲು ಸುತ್ತುಗಳು. ಹಿಂದಕ್ಕೆ ಕೂಡಿಸಿದರೆ ಬೆಣಚುಕಲ್ಲಿನ ಪದರಗಳು. ಆ ಭಾಷೆಯಲ್ಲಿ ಉಚ್ಚಾರದ ಒತ್ತು ಸಾಮಾನ್ಯವಾಗಿ ಮೊದಲ ಪದದ ಮೇಲೆ ಬಿದ್ದು ಸಮಾಸವನ್ನು ಸಾರುತ್ತದೆ. ಕನ್ನಡದಲ್ಲಿ ಅರ್ಥವನ್ನು ಬೇರ್ಪಡಿಸುವ ಅಂಥ ಒತ್ತಿಲ್ಲ; ಸಂಧಿಯೇ ಮುಖ್ಯ ಗುರುತು. ಪಳ್ಳಿಯ ಪಕಾರ ವಕಾರವಾದುದರಿಂದಲೇ ಚಂದ್ರವಳ್ಳಿ ಒಂದೇ ಪದವಾಗಿ ಕೇಳುತ್ತದೆಂದು ನನ್ನ ಎಣಿಕೆ. ಊರ ಹೆಸರನ್ನು ಓದುವವರು ಉಸಿರು ತೆಗೆದುಕೊಳ್ಳಲೇಬೇಕಾದರೆ ‘ಹೊಳಲ್’ ಆದಮೇಲೆ ತೆಗೆದುಕೊಳ್ಳಲಿ.