ಕೆಲಸಕ್ಕೆ ಕೈ ಏಳದಿದ್ದರೆ ಅದು ಸೋಮಾರಿತನವೇ?



ಹೋದ ವರ್ಷ ನಾನು ಜೀವಿತ ಪ್ರಮಾಣಪತ್ರ ಕೊಡಬೇಕಿತ್ತು. ಕೊಡದಿದ್ದರೆ ಪಿಂಚಣಿ ನಿಲ್ಲುತ್ತದೆಂದು ಗೊತ್ತು. ಆದರೂ ಮೂವತ್ತು ವರ್ಷ ಊರವರ ಅರ್ಜಿ ನೋಡಿದ ಗುಮಾಸ್ತನಿಗೆ ತನ್ನದೊಂದು ಹಾಳೆ ತುಂಬಲು ಆಗಲಿಲ್ಲ. ಮನೆಯಲ್ಲಿ ಸೋಮಾರಿ ಎಂದರು.

ಸೋಮಾರಿಗೆ ಮಾಡುವ ಮನಸ್ಸೇ ಇರುವುದಿಲ್ಲ. ಇಲ್ಲಿ ಮನಸ್ಸಿದೆ, ಚಿಂತೆಯೂ ಇದೆ. ಕೈ ಮಾತ್ರ ಏಳುವುದಿಲ್ಲ. ಕೆಲಸವನ್ನು ಹಂತಗಳಾಗಿ ಬಿಡಿಸಿ ಶುರುಮಾಡಿಸುವುದರಲ್ಲಿ ಮೆದುಳಿನ ಮುಂಭಾಗದ ಪಾತ್ರ ದೊಡ್ಡದು. ಖಿನ್ನತೆ, ಎಡಿಎಚ್‌ಡಿ, ಪಾರ್ಶ್ವವಾಯು, ನಿದ್ದೆಗೇಡು ಇವುಗಳಿಂದ ಆ ಶಕ್ತಿ ಕುಗ್ಗಬಹುದು. ಬೈದರೆ ಅದು ಮರಳುವುದಿಲ್ಲ.

ಮೊದಲ ಹೆಜ್ಜೆ ತೀರಾ ಚಿಕ್ಕದಿರಲಿ. “ಬ್ಯಾಂಕಿಗೆ ಹೋಗಬೇಕು” ಎನ್ನುವ ಬದಲು “ಪಾಸ್‌ಬುಕ್ ಮೇಜಿನ ಮೇಲಿಡಬೇಕು” ಎಂದು ಬರೆದು ಕಣ್ಣಿಗೆ ಬೀಳುವಲ್ಲಿ ಅಂಟಿಸಿ. ಬೆಳಗಿನ ಚಹಾ ಮುಗಿದ ಕೂಡಲೇ ಎಂದು ಹೊತ್ತು ಗೊತ್ತುಮಾಡಿ. ಯಾರಾದರೂ ಪಕ್ಕದಲ್ಲಿ ಸುಮ್ಮನೆ ಕುಳಿತರೂ ಅನುಕೂಲ. ನನ್ನ ಹಾಳೆ ತುಂಬಿದ್ದು ಗೆಳೆಯರೊಬ್ಬರು ಬಂದು ಕುಳಿತ ದಿನವೇ.

ಎರಡು ವಾರವಾದರೂ ಬೇಸರ ಬಿಡದಿದ್ದರೆ, ಸ್ನಾನ ಊಟಕ್ಕೂ ಏಳಲಾಗದಿದ್ದರೆ ವೈದ್ಯರನ್ನು ಕಾಣಿ. ಇದ್ದಕ್ಕಿದ್ದಂತೆ ಹೀಗಾದರೆ ಅಂದೇ ಹೋಗಿ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416, ಹಗಲಿರುಳು ಉಚಿತ. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಭಾಷೆ ಕೇಳಿದಾಗ ಕನ್ನಡ ಆರಿಸಿಕೊಳ್ಳಿ. ನಮ್ಮ ಸಂಕಟ ಹೇಳಿಕೊಳ್ಳಲು ತೆಲುಗು, ಹಿಂದಿ ಪದ ಹುಡುಕಬೇಕಿಲ್ಲ.

ಪಕ್ಕದಲ್ಲಿ ಕೂರುವವರು ಬೇಕಿದ್ದರೆ ಸಂಘಕ್ಕೆ ತಿಳಿಸಿ. ಸಂಕೋಚ ಬೇಡ.

ಕಾರ್ಯದರ್ಶಿ