ದಾಲ್ ಫ್ರೈಯಲ್ಲಿ ಕರಿದದ್ದೇನು?

ಬಿಸಿ ಎಣ್ಣೆಯಲ್ಲೋ ಕೊಬ್ಬಿನಲ್ಲೋ ಪದಾರ್ಥವನ್ನು ಬೇಯಿಸುವುದಕ್ಕೆ ಇಂಗ್ಲಿಷಿನಲ್ಲಿ ‘ಫ್ರೈ’ ಎನ್ನುತ್ತಾರೆ. ಎಣ್ಣೆ ಬಾಣಲೆಯ ತಳಕ್ಕೆ ಸವರುವಷ್ಟಿದ್ದರೂ ಫ್ರೈ, ಪದಾರ್ಥ ಮುಳುಗುವಷ್ಟಿದ್ದರೂ ಫ್ರೈ. ಭೇದ ಹೇಳಲೇಬೇಕಾದಾಗ ‘ಡೀಪ್’, ‘ಸ್ಟರ್’, ‘ಪ್ಯಾನ್’ ಎಂಬ ವಿಶೇಷಣ ಸೇರುತ್ತದೆ. ಕನ್ನಡದಲ್ಲಿ ಕ್ರಿಯಾಪದವೇ ಬೇರೆ. ಹಪ್ಪಳ, ಪೂರಿ, ಕರಿಗಡಬನ್ನು ಕರಿಯುತ್ತಾರೆ; ಶೇಂಗಾ, ರವೆ, ಎಳ್ಳನ್ನು ಹುರಿಯುತ್ತಾರೆ. ಎಣ್ಣೆಯಿಲ್ಲದೆಯೂ ಹುರಿಯಬಹುದು, ಎಣ್ಣೆಯಿಲ್ಲದೆ ಕರಿಯಲಾಗದು.

ಬೀದರ್ ಜಿಲ್ಲೆಯ ಕೊಹಿನೂರ, ಬಸವಕಲ್ಯಾಣ, ಹುಮನಾಬಾದ್ ಕಡೆ ಕನ್ನಡದ ಜೊತೆಗೆ ಮರಾಠಿಯೂ ದಖನಿ ಉರ್ದುವೂ ಕಿವಿಗೆ ಬೀಳುತ್ತವೆ. ಈ ವಿಷಯದಲ್ಲಿ ಅವೂ ಕನ್ನಡದ ದಾರಿಯವೇ. ಮರಾಠಿಯಲ್ಲಿ ಒಣದಾಗಿ ಹುರಿದರೆ ‘ಭಾಜಣೆ’, ತುಸು ಎಣ್ಣೆಯಲ್ಲಿ ಕೈಯಾಡಿಸಿದರೆ ‘ಪರತಣೆ’, ಮುಳುಗಿಸಿ ಕರಿದರೆ ‘ತಳಣೆ’. ಉರ್ದುವಿನಲ್ಲಿ ಹುರಿಯುವುದಕ್ಕೆ ‘ಭೂನ್ನಾ’, ಕರಿಯುವುದಕ್ಕೆ ‘ತಲ್ನಾ’.

ಈ ಭೇದಕ್ಕೆ ಕಾರಣ ಒಲೆಯ ಮೇಲೆಯೇ ಇದೆ. ನೀರು ಸಾಮಾನ್ಯವಾಗಿ 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ. ಕರಿಯುವ ಎಣ್ಣೆ 160ರಿಂದ 190 ಡಿಗ್ರಿಯವರೆಗೆ ಕಾದಿರುತ್ತದೆ. ಅದರಲ್ಲಿ ಬಿಟ್ಟ ಹಿಟ್ಟಿನ ಮೇಲ್ಪದರದ ನೀರು ಆವಿಯಾಗಿ ಚಿಮ್ಮುವುದೇ ಆ ಚುರ್ ಸದ್ದು. ಮೇಲ್ಪದರ ಒಣಗಿ ಗರಿಯಾಗುತ್ತದೆ, ಕೆಂಪಾಗುತ್ತದೆ, ಒಳಗೆ ಮಾತ್ರ ಮೆತ್ತಗೆ ಬೇಯುತ್ತದೆ. ಎಣ್ಣೆ ಸಾಕಷ್ಟು ಕಾಯದಿದ್ದರೆ ಹೊರಪದರ ಬೇಗ ಗಟ್ಟಿಯಾಗದೆ ತಿನಿಸು ಎಣ್ಣೆ ಕುಡಿಯುತ್ತದೆ. ಒಣ ಹಂಚಿನ ಮೇಲೆ ಶಾಖ ತಗಲುವುದು ಕಾಳಿನ ಒಂದು ಮಗ್ಗುಲಿಗಷ್ಟೆ. ಹುರಿಯುವಾಗ ಕೈ ನಿಲ್ಲಿಸಿದರೆ ಸೀಯುವುದು ಅದಕ್ಕೇ.

‘ಫ್ರೈ’ ಇಂಗ್ಲಿಷಿಗೆ ಬಂದದ್ದು ಹಳೆಯ ಫ್ರೆಂಚಿನಿಂದ. ಅದರ ಹಿಂದೆ ಲ್ಯಾಟಿನ್ನಿನ ‘ಫ್ರೀಗೆರೆ’ ಇದೆ. ಆ ಪದಕ್ಕೆ ಒಣದಾಗಿ ಹುರಿಯುವ ಅರ್ಥವೂ ಇತ್ತು. ನಿಘಂಟುಕಾರರು ಇದರ ನಂಟನ್ನು ಸಂಸ್ಕೃತದ ‘ಭೃಜ್ಜತಿ’ಗೂ, ‘ಬಿರಿಯಾನಿ’ಯ ಮೂಲವಾದ ಪಾರಸಿಯ ‘ಬಿರಿಯಾನ್’ಗೂ ಕಟ್ಟುತ್ತಾರೆ. ‘ಭಜ್ಜಿ’ಯೂ ಇದೇ ಬಳಗದ್ದು. ಆದರೆ ಪದದ ಬೇರು ಅಡುಗೆಯ ಬಗೆ ಹೇಳುತ್ತದೆಂದು ನಂಬುವಂತಿಲ್ಲ. ಮಿರ್ಚಿ ಭಜ್ಜಿಯನ್ನು ಎಣ್ಣೆಯಲ್ಲಿ ಕರಿಯುತ್ತಾರೆ ಸರಿ. ಬೀದರ್, ಕಲಬುರಗಿ ಕಡೆ ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಒಯ್ಯುವ ಭಜ್ಜಿ ಮಾತ್ರ ಕಾಳು, ಸೊಪ್ಪು, ತರಕಾರಿ ಕೂಡಿಸಿ ಕುದಿಸಿದ್ದು. ರೊಟ್ಟಿಗೆ ಹಚ್ಚಿಕೊಂಡು ಉಣ್ಣುವ ಈ ಪಲ್ಯದಲ್ಲಿ ಕರಿಯುವ ಕೆಲಸವೇ ಇಲ್ಲ.

ಹೋಟೆಲಿನ ಕನ್ನಡದಲ್ಲಿ ‘ಫ್ರೈ’ ಇನ್ನೂ ಸಡಿಲವಾಗಿದೆ. ಹುಮನಾಬಾದಿನ ಮೇಲೆ ಹಾಯುವ ಹೈದರಾಬಾದ್–ಸೊಲ್ಲಾಪುರ ಹೆದ್ದಾರಿಯ ಧಾಬಾಗಳೂ ಸೇರಿ ಎಲ್ಲ ಕಡೆ ಸಿಗುವ ದಾಲ್ ಫ್ರೈಯಲ್ಲಿ ಬೇಳೆಯನ್ನು ಯಾರೂ ಕರಿಯುವುದಿಲ್ಲ. ಉಳ್ಳಾಗಡ್ಡಿ, ಟೊಮೆಟೊ, ಮಸಾಲೆಯನ್ನು ಎಣ್ಣೆಯಲ್ಲಿ ಹುರಿದು, ಬೆಂದ ಬೇಳೆಯನ್ನು ಅದಕ್ಕೆ ಸುರಿದು ಕುದಿಸುತ್ತಾರೆ. ಒಗ್ಗರಣೆಯನ್ನು ಕೊನೆಗೆ ಮೇಲೆ ಹಾಕಿದರೆ ಅದು ದಾಲ್ ತಡ್ಕಾ. ಎಷ್ಟೋ ಅಡುಗೆಮನೆಗಳಲ್ಲಿ ಈ ಎರಡರ ಗೆರೆಯೂ ಅಳಿಸಿದೆ. ಕರಾವಳಿಯ ರವಾ ಫ್ರೈ ಮೀನು ಹೆಚ್ಚಾಗಿ ಕಾವಲಿಯ ಮೇಲೆ ತುಸು ಎಣ್ಣೆಯಲ್ಲಿ ಬೇಯುವಂಥದ್ದು; ಲಿವರ್ ಫ್ರೈ ಎಂದರೆ ಮಸಾಲೆ ಹಿಡಿಸಿ ನೀರಾರಿಸಿದ ಪಲ್ಯ. ಈ ಕೊನೆಯ ಎರಡರಲ್ಲಿ ‘ಫ್ರೈ’ ಸೂಚಿಸುವುದು ಸಾರಿಲ್ಲದ, ಒಣಗಿದ ರೂಪವನ್ನು.

ಗೊಂದಲವಾಗುವುದು ಪಾಕವಿಧಾನ ಬರೆಯುವಾಗ. ‘ಕೊತ್ತಂಬರಿ, ಜೀರಿಗೆ ಫ್ರೈ ಮಾಡಿಕೊಳ್ಳಿ’ ಎಂದರೆ ಎಣ್ಣೆ ಹಾಕಬೇಕೋ ಬೇಡವೋ ಹೊಸಬರಿಗೆ ತಿಳಿಯದು. ಎಣ್ಣೆ ಹೆಚ್ಚಾದ ಮಸಾಲೆ ನುಣ್ಣಗೆ ಪುಡಿಯಾಗದೆ ಮುದ್ದೆಗಟ್ಟುತ್ತದೆ. ಅಲ್ಲಿ ‘ಎಣ್ಣೆ ಹಾಕದೆ ಹುರಿಯಿರಿ’ ಎಂದು ಬರೆದರೆ ಸಾಕು.